ಕೊರಗು ಎಂದರೆ ದುಃಖವಂತೆ

ನಿನ್ನೆ ಸಂಜೆ, ನಾಲ್ಕನೆಯ ತರಗತಿಯಲ್ಲಿ ಓದುತ್ತಿರುವ ಮೊಮ್ಮಗಳ ಚೀಲದಿಂದ ಒಂದು ಜೆರಾಕ್ಸ್ ಹಾಳೆ ಹೊರಬಂತು. ಮೇಲೆ ‘ಸಾಲುಮರದ ತಿಮ್ಮಕ್ಕ – ಜೀವನಚರಿತ್ರೆ’ ಎಂಬ ತಲೆಬರಹ, ಕೆಳಗೆ ಮೂರು ಪ್ಯಾರಾ, ಅದರ ಕೆಳಗೆ ‘ಪದಗಳ ಅರ್ಥ’ ಎಂದು ಹನ್ನೆರಡು ಪದಗಳ ಪಟ್ಟಿ, ಹಿಂಬದಿಯಲ್ಲಿ ಪ್ರಶ್ನೋತ್ತರ. ಪಟ್ಟಿಯಲ್ಲಿ ‘ಕೊರಗು’ ಎಂಬ ಪದದ ಮುಂದೆ ಹುಡುಗಿ ತಾನೇ ಬರೆದಿದ್ದ ಅರ್ಥಕ್ಕೆ ಕೆಂಪು ಶಾಯಿಯಲ್ಲಿ ಗೀಟು ಎಳೆದು, ಪಕ್ಕದಲ್ಲಿ ‘ದುಃಖ’ ಎಂದು ತಿದ್ದಿದ್ದರು. ಅವಳು ಬರೆದಿದ್ದದ್ದು ಇಷ್ಟೇ: ‘ಮಾರಿದ ಹಸುವಿನ ಬಗ್ಗೆ ನಮ್ಮ ಅಜ್ಜಿಗೆ ಇರುವುದು.’

ಮೂವತ್ತಾರು ವರ್ಷ ಪ್ರಾಥಮಿಕ ಶಾಲೆಗಳಲ್ಲಿ ಸೀಮೆಸುಣ್ಣದ ಧೂಳು ಕುಡಿದ ನನಗೆ ಇಂಥ ಹಾಳೆಗಳು ಹೊಸತಲ್ಲ ಎಂಬುದು ಗೆಳೆಯರಿಗೆ ಗೊತ್ತಿದೆ. ಆದರೂ ರಾತ್ರಿ ಊಟ ಸೇರಲಿಲ್ಲ.

ಆ ಉತ್ತರದ ಹಿನ್ನೆಲೆಯನ್ನು ಹೇಳಿಬಿಡುತ್ತೇನೆ. ಊರಿನ ಮನೆ ಬಿಡುವಾಗ ನಾವು ಹಸುವನ್ನು ಮಾರಿ ಹನ್ನೊಂದು ವರ್ಷವಾಯಿತು. ಇಂದಿಗೂ ನನ್ನ ಹೆಂಡತಿ ಹಾಲಿನ ಪ್ಯಾಕೆಟ್ಟಿನ ಮೂಲೆ ಕತ್ತರಿಸುವಾಗ ಒಂದು ಗಳಿಗೆ ಸುಮ್ಮನಾಗುತ್ತಾಳೆ. ಭಾನುವಾರ ಪಟ್ಟಿಯನ್ನು ಹಿಡಿದುಕೊಂಡು ಬಂದ ಹುಡುಗಿಗೆ ನಾನು ಹೇಳಿದ್ದು ಇಷ್ಟು: ಪೆನ್ಸಿಲ್ ಕಳೆದರೆ ಆಗುವುದು ದುಃಖ, ಅದು ಸಂಜೆಯ ಹೊತ್ತಿಗೆ ಮರೆತುಹೋಗುತ್ತದೆ, ವರ್ಷಗಟ್ಟಲೆ ಒಳಗೇ ಕುಳಿತು, ಯಾರಿಗೂ ಕಾಣದಂತೆ ಸ್ವಲ್ಪಸ್ವಲ್ಪವೇ ತಿನ್ನುವುದು ಕೊರಗು. ಹಸುವಿನ ಉದಾಹರಣೆಯನ್ನು ನಾನು ಕೊಟ್ಟಿರಲಿಲ್ಲ. ‘ಹಾಗಾದರೆ ಅಜ್ಜಿಗೆ ಇರೋದು ಕೊರಗು ಅಲ್ವಾ ತಾತ?’ ಎಂದು ಅಡುಗೆಮನೆಯ ಕಡೆ ನೋಡುತ್ತಾ ಪಿಸುಗುಟ್ಟಿದವಳು ಅವಳೇ. ಒಂಬತ್ತು ವರ್ಷದ ಮಗು ಒಂದು ಪದವನ್ನು ತನ್ನದಾಗಿಸಿಕೊಂಡ ಆ ಗಳಿಗೆಗೆ ಶಾಲೆ ಕೊಟ್ಟ ಅಂಕ ಸೊನ್ನೆ.

ನನ್ನ ತಕರಾರು ಒಂದೇ. ಗೊತ್ತಿಲ್ಲದ ಪದದ ಪಕ್ಕದಲ್ಲಿ ಇನ್ನೊಂದು ಗೊತ್ತಿಲ್ಲದ ಪದವನ್ನೋ, ಅರೆಬರೆ ಹೊಂದುವ ಪದವನ್ನೋ ಇಟ್ಟು ಅದಕ್ಕೆ ‘ಅರ್ಥ’ ಎಂದು ಹೆಸರಿಡುವುದನ್ನು ನಾವು ಯಾವಾಗ ನಿಲ್ಲಿಸುತ್ತೇವೆ? ಆ ಹಾಳೆಯಲ್ಲಿ ‘ಪರಿಸರವಾದಿ’ ಎಂದರೆ ‘ನಿಸರ್ಗಪ್ರೇಮಿ’. ಮೂರು ಸಾಲು ಕೆಳಗೆ ‘ನಿಸರ್ಗಪ್ರೇಮಿ’ ಎಂದರೆ ‘ಪರಿಸರವಾದಿ’. ಗಾಣದ ಎತ್ತಾದರೂ ಸುತ್ತಿದ್ದಕ್ಕೆ ಒಂದಿಷ್ಟು ಎಣ್ಣೆ ಬರುತ್ತದೆ. ‘ಸಾಲುಮರ’ ಎಂದರೆ ‘ವೃಕ್ಷಗಳ ಪಂಕ್ತಿ’ಯಂತೆ. ಪಂಕ್ತಿ ಎಂದರೇನು ಎಂದು ಹುಡುಗಿಯನ್ನು ಕೇಳಿದೆ. ಮದುವೆಮನೆಯಲ್ಲಿ ಊಟಕ್ಕೆ ಕೂರುವುದು ಎಂದಳು. ಮರಗಳು ಊಟಕ್ಕೆ ಕೂತಿವೆಯೇ ಎಂದೆ. ಅವಳು ಬಿದ್ದುಬಿದ್ದು ನಕ್ಕಳು. ನಕ್ಕ ಮೇಲೆ, ‘ಎರಡೂ ಕಡೆ ಸಾಲಾಗಿ, ಮಧ್ಯದಲ್ಲಿ ದಾರಿ ಬಿಟ್ಟು’ ಎಂದು ಸರಿಯಾದ ಚಿತ್ರವನ್ನೇ ಕೊಟ್ಟಳು. ಬಡಿಸುವವರು ಓಡಾಡುವ ದಾರಿ ಎಂದು ಬೇರೆ ಸೇರಿಸಿದಳು. ಪಟ್ಟಿಯಿಂದ ಆಗದ ಕೆಲಸವನ್ನು ಮದುವೆ ಊಟ ಮಾಡಿಕೊಟ್ಟಿತು.

ಜೀವನಚರಿತ್ರೆಯಷ್ಟು ಅನುಕೂಲವಾದ ಪಾಠ ಭಾಷೆ ಕಲಿಸುವವನಿಗೆ ಬೇರೊಂದಿಲ್ಲ ಎಂದು ನಾನು ನಂಬಿದ್ದೇನೆ, ಏಕೆಂದರೆ ಅದರಲ್ಲಿ ಪ್ರತಿ ಪದಕ್ಕೂ ಬೆನ್ನ ಹಿಂದೆ ಒಬ್ಬ ಮನುಷ್ಯ ನಿಂತಿರುತ್ತಾನೆ. ಮಾಗಡಿ ತಾಲ್ಲೂಕಿನ ಹುಲಿಕಲ್ಲಿನ ಕೂಲಿ ದಂಪತಿ ತಿಮ್ಮಕ್ಕ ಮತ್ತು ಚಿಕ್ಕಯ್ಯ, ಕುದೂರಿನ ದಾರಿಯಲ್ಲಿ ಮೊದಲ ವರ್ಷ 10, ಎರಡನೆಯ ವರ್ಷ 15, ಮೂರನೆಯ ವರ್ಷ 20 ಆಲದ ಸಸಿಗಳನ್ನು ನೆಟ್ಟರು. ಕಿಲೋಮೀಟರ್‌ಗಟ್ಟಲೆ ಕೊಡಗಳಲ್ಲಿ ನೀರು ಹೊತ್ತು ಹಾಕಿದರು. ದನಕರು ಬಾಯಿ ಹಾಕದಂತೆ ಸುತ್ತ ಮುಳ್ಳು ಕಟ್ಟಿದರು. ‘ಪೋಷಿಸು’ ಎಂಬ ಪದಕ್ಕೆ ಇದಕ್ಕಿಂತ ಅರ್ಥ ಬೇಕೇ? ಹಾಳೆಯಲ್ಲಿರುವುದು ‘ಪೋಷಿಸು = ಪಾಲಿಸು’. ಪಾಲಿಸುವುದೆಂದರೆ ಈಗಿನ ಮಕ್ಕಳಿಗೆ ಸಂಚಾರ ನಿಯಮ. ಕೊಡವೂ ಮುಳ್ಳೂ ಮೂರು ಪ್ಯಾರಾಗಳಲ್ಲಿ ಎಲ್ಲಿಯೂ ಇಲ್ಲ. ಜನನ, ವಿವಾಹ, 385 ಮರಗಳು, ಪ್ರಶಸ್ತಿಗಳು, ಮುಗಿಯಿತು. ಇನ್ನೂ ಸೋಜಿಗವೆಂದರೆ ಕೊನೆಯ ವಾಕ್ಯದಲ್ಲಿ ತಿಮ್ಮಕ್ಕ ಈಗಲೂ ‘ವಾಸಿಸುತ್ತಿದ್ದಾರೆ’. ಅವರು ತೀರಿಕೊಂಡದ್ದು 2025ರ ನವೆಂಬರ್ 14ರಂದು, ಮಕ್ಕಳ ದಿನಾಚರಣೆಯ ದಿನವೇ. ಹಾಳೆ ಹಂಚುವ ಮುನ್ನ ಯಾರೂ ಅದನ್ನು ಒಮ್ಮೆಯೂ ಓದಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಹಿಂಬದಿಯ ಪ್ರಶ್ನೆಗಳ ಕಥೆಯೂ ಇದೇ. ‘ತಿಮ್ಮಕ್ಕನವರಿಗೆ ಪದ್ಮಶ್ರೀ ಪ್ರಶಸ್ತಿ ಯಾವ ವರ್ಷ ದೊರೆಯಿತು?’ 2019. ಹೇಳಿದ್ದಾಯಿತು, ಅಂಕ ಬಂತು. ಇದಕ್ಕೆ ಪಾಠ ಓದುವ ಅಗತ್ಯವೇ ಇಲ್ಲ. 2019 ಎಂಬ ಸಂಖ್ಯೆ ಎಲ್ಲಿದೆ ಎಂದು ಕಣ್ಣಾಡಿಸಿದರೆ ಸಾಕು. ನಾನು ಅದೇ ಹಾಳೆಯಲ್ಲಿ ಬಿಡಿಬಿಡಿಯಾಗಿ ಬಿದ್ದಿದ್ದ ಮೂರು ಇಸವಿಗಳನ್ನು ಒಂದರ ಕೆಳಗೊಂದು ಬರೆಯಿಸಿದೆ. 1991, ಚಿಕ್ಕಯ್ಯ ತೀರಿಕೊಂಡದ್ದು. 1995, ರಾಷ್ಟ್ರೀಯ ಪೌರ ಪ್ರಶಸ್ತಿ. 2019, ಪದ್ಮಶ್ರೀ. ಬರೆದು ಮುಗಿಸಿ, ಸ್ವಲ್ಪ ಹೊತ್ತು ಪೆನ್ಸಿಲ್ ಕಚ್ಚುತ್ತಾ ಕುಳಿತಿದ್ದ ಹುಡುಗಿ, ‘ಹಾಗಾದರೆ ಚಿಕ್ಕಯ್ಯನಿಗೆ ಇದ್ಯಾವುದೂ ಗೊತ್ತೇ ಆಗಲಿಲ್ವಾ?’ ಎಂದಳು.

ಗ್ರಹಿಕೆ ಎಂಬುದು ಇದೇ. ಯಾವ ವಾಕ್ಯದಲ್ಲಿಯೂ ಬರೆದಿಲ್ಲದ, ಆದರೆ ಮೂರು ವಾಕ್ಯಗಳನ್ನು ಒಟ್ಟಿಗೆ ಹಿಡಿದವರಿಗೆ ಮಾತ್ರ ಕಾಣುವ ಸಂಗತಿ. ಓದಿದ್ದು ಅರ್ಥವಾಗಬೇಕೆಂಬುದು ನನ್ನ ಮುದಿತನದ ಹಠವೂ ಅಲ್ಲ. ಕೇಂದ್ರ ಸರ್ಕಾರ 2021ರಲ್ಲಿ ಆರಂಭಿಸಿದ ‘ನಿಪುಣ್ ಭಾರತ್’ ಯೋಜನೆಯ ಹೆಸರನ್ನು ಬಿಡಿಸಿ ನೋಡಿದರೆ ಅದರೊಳಗೇ ಅರ್ಥ ತಿಳಿದು ಓದುವುದೆಂಬ ಮಾತಿದೆ.

ಈಗ ಕಿರಿಯ ಸಹೋದ್ಯೋಗಿಗಳು ಕೆಳಗೆ ಏನು ಬರೆಯುತ್ತಾರೆಂಬುದು ಗೊತ್ತು: ‘ಸಾರ್, ನಲವತ್ತು ಮಕ್ಕಳಿರುವ ತರಗತಿಯಲ್ಲಿ ಒಂದೊಂದು ಮಗುವಿನ ಅಜ್ಜಿಯ ಹಸುವನ್ನೂ ವಿಚಾರಿಸುತ್ತಾ ಕೂತರೆ ಸಿಲಬಸ್ ಮುಗಿಯುವುದು ಯಾವಾಗ?’ ಒಪ್ಪುತ್ತೇನೆ, ಗಣತಿ, ಚುನಾವಣೆ, ಬಿಸಿಯೂಟದ ಲೆಕ್ಕಗಳ ನಡುವೆ ನಾನೂ ಪಾಠ ಮಾಡಿದವನೇ. ಆದರೆ ಹನ್ನೆರಡು ಪದಗಳನ್ನು ಹತ್ತು ಹತ್ತು ಸಲ ಬರೆಸಿ, ನಲವತ್ತು ಪುಸ್ತಕಗಳನ್ನು ತಿದ್ದುವುದಕ್ಕೆ ಸಿಗುವ ಸಮಯ, ಎರಡು ಪದಗಳ ಬಗ್ಗೆ ಮಾತನಾಡುವುದಕ್ಕೆ ಏಕೆ ಸಿಗುವುದಿಲ್ಲ? ಉಳಿದ ಹತ್ತನ್ನು ಬಿಟ್ಟುಬಿಡಿ. ‘ಸಂಕಲ್ಪ’ ಗೊತ್ತಿಲ್ಲದೆ ಐದನೆಯ ತರಗತಿಗೆ ಹೋದರೆ ಯಾರೂ ವಾಪಸ್ಸು ಕಳಿಸುವುದಿಲ್ಲ.

ಇಷ್ಟು ಸಿಟ್ಟಿನಿಂದ ಬರೆಯುವ ಹಕ್ಕು ನನಗಿದೆಯೇ ಎಂಬ ಅನುಮಾನವೂ ಇದೆ. ನಿವೃತ್ತಿಗೆ ಕೆಲವು ವರ್ಷಗಳ ಮೊದಲು ಇದೇ ತಿಮ್ಮಕ್ಕನ ಕಥೆಯನ್ನು ಹೇಳಿ, ಅವರು ಮರಗಳನ್ನು ಏಕೆ ನೆಟ್ಟರು ಎಂದು ಪರೀಕ್ಷೆಯಲ್ಲಿ ಕೇಳಿದ್ದೆ. ನಾನು ಬರೆಸಿದ್ದ ಉತ್ತರ ‘ಮಕ್ಕಳಿಲ್ಲದ ಕೊರಗನ್ನು ಮರೆಯಲು’. ದಿನವೂ ಮೂರು ಕಿಲೋಮೀಟರ್ ನಡೆದು ಶಾಲೆಗೆ ಬರುತ್ತಿದ್ದ ಒಬ್ಬ ಹುಡುಗ ‘ನಡೆಯುವವರಿಗೆ ಬಿಸಿಲು ಹತ್ತುತ್ತದೆ ಅಂತ’ ಎಂದು ಬರೆದಿದ್ದ. ನಾನು ಅದಕ್ಕೆ ಗೀಟು ಎಳೆದೆ. ಕೆಂಪು ಶಾಯಿಯಲ್ಲೇ. ಅವನ ಕಾಲಲ್ಲಿ ಚಪ್ಪಲಿ ಇರಲಿಲ್ಲವೆಂಬುದು ಆ ಹೊತ್ತಿಗೆ ನೆನಪಾಗಲಿಲ್ಲ. ನಿನ್ನೆ ರಾತ್ರಿ ನೆನಪಾಯಿತು.

ಶನಿವಾರ ಪೋಷಕರ ಸಭೆಯಿದೆ. ನಾನೂ ಬರುತ್ತೇನೆ ಎಂದೆ. ‘ಅಪ್ಪಾ, ದಯವಿಟ್ಟು ನೀವು ಮನೆಯಲ್ಲೇ ಇರಿ’ ಎಂದು ಮಗಳು ಕೈಮುಗಿದಳು. ಹಾಗಾಗಿ ಇಲ್ಲಿ ಬರೆದೆ.