ಅಮ್ಮನ ಕೈಗೊಂದು ಬೀಗದ ಕೈ ಕೊಡಿ

ಕೋಪ ತಣಿದ ಮೇಲೆ ಬರೆಯೋಣ ಎಂದುಕೊಂಡಿದ್ದೆ. ತಣಿಯುತ್ತಿಲ್ಲ, ಆದ್ದರಿಂದ ಈಗಲೇ ಬರೆದುಬಿಡುತ್ತೇನೆ.

ಭಾನುವಾರ ಇಲ್ಲಿ ಮಗಳ ಪರಿಚಯದವರ ಮನೆಯಲ್ಲಿ ಊಟವಿತ್ತು. ಆಸ್ಟ್ರಿಯಾದ ವಿಯೆನ್ನಾದಲ್ಲಿ ಕೆಲಸಕ್ಕಿರುವ ನಾಲ್ಕಾರು ಕನ್ನಡ ಕುಟುಂಬಗಳು, ಅವರ ಮಕ್ಕಳು, ಜೊತೆಗೆ ನನ್ನ ಹಾಗೆ ಬಾಣಂತನಕ್ಕೋ ಮೊಮ್ಮಕ್ಕಳನ್ನು ನೋಡಿಕೊಳ್ಳಲೋ ಬಂದ ಕೆಲವು ಹಿರಿಯರು. ಅವರಲ್ಲಿ ಒಬ್ಬರು ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಪಕ್ಕದಲ್ಲಿ ಕುಳಿತು, “ಎಲ್ಲೆಲ್ಲಿ ಓಡಾಡಿದಿರಿ?” ಎಂದು ಕೇಳಿದೆ. ಅವರು ಬಾಯಿ ತೆರೆಯುವ ಮೊದಲೇ ಎದುರಿಗಿದ್ದ ಮಗ ಉತ್ತರಿಸಿದ: “ಅಮ್ಮನಿಗೆ ಒಬ್ಬರೇ ಹೋಗಲು ಆಗುವುದಿಲ್ಲ ಆಂಟಿ, ಭಾಷೆ ಬರುವುದಿಲ್ಲವಲ್ಲ. ಶನಿವಾರ ಬಿಡುವಾದಾಗ ನಾವೇ ಕಾರಿನಲ್ಲಿ ಕರೆದುಕೊಂಡು ಹೋಗುತ್ತೇವೆ. ಶೋನ್‌ಬ್ರುನ್ ಅರಮನೆ ತೋರಿಸಿದ್ದಾಯಿತು.” ಆ ತಾಯಿ ಏನೂ ಹೇಳಲಿಲ್ಲ. ಹಿಮ ಬೀಳುವ ಕಾಲದಲ್ಲಿ ಬಂದವರು ಅವರು. ಈಗ ಇಲ್ಲಿನ ಚೆಸ್ಟ್‌ನಟ್ ಮರಗಳೆಲ್ಲ ಹೂ ಬಿಟ್ಟಿವೆ. ಅವರ ಬಳಿ ಆ ಮನೆಯ ಬೀಗದ ಕೈ ಇಲ್ಲ. ಕೇಳಿ ತಿಳಿದುಕೊಂಡೇ ಹೇಳುತ್ತಿದ್ದೇನೆ.

ಮಗ ಕೆಟ್ಟವನಲ್ಲ. ತಾಯಿಗೆ ಮೊದಲು ಬಡಿಸಿ ಆಮೇಲೆ ತಾನು ಉಂಡ. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು. ಇಷ್ಟು ಪ್ರೀತಿ ಇರುವ ಮನೆಯಲ್ಲಿ ಒಬ್ಬ ವಿದ್ಯಾವಂತ ಹೆಂಗಸು ತಿಂಗಳುಗಟ್ಟಲೆ ಮೂರನೆಯ ಮಹಡಿಯ ಕಿಟಕಿಯ ಬಳಿ ಕುಳಿತಿದ್ದಾರೆ, ಅದು ಯಾರ ಕಣ್ಣಿಗೂ ಬೀಳುತ್ತಿಲ್ಲ.

ತಲೆಮಾರುಗಳ ಮಕ್ಕಳಿಗೆ ಬೀಜಗಣಿತ ಕಲಿಸಿದವರಿಗೆ ಈ ಊರಿನ ಮೆಟ್ರೋ ನಕ್ಷೆ ಅರ್ಥವಾಗುವುದಿಲ್ಲವೇ? ಇರುವುದು ಐದೇ ಮಾರ್ಗ. ಯು1 ಕೆಂಪು, ಯು2 ನೇರಳೆ, ಯು3 ಕಿತ್ತಳೆ, ಯು4 ಹಸಿರು, ಯು6 ಕಂದು. ಯು5 ಇನ್ನೂ ಕಟ್ಟುತ್ತಿದ್ದಾರೆ. ಜರ್ಮನ್ ಒಂದಕ್ಷರ ಓದಲು ಬಾರದವರೂ ಬಣ್ಣ ನೋಡಿ ಹತ್ತಬಹುದು, ಬಣ್ಣ ನೋಡಿ ಇಳಿಯಬಹುದು. ನಿಲ್ದಾಣಗಳಲ್ಲಿ ತೆರೆದು ಮುಚ್ಚುವ ಗೇಟುಗಳೇ ಇಲ್ಲ. ಪಾಸು ಪರ್ಸಿನಲ್ಲಿರಬೇಕು, ತಪಾಸಣೆಯವರು ಕೇಳಿದರೆ ತೋರಿಸಬೇಕು, ಅಷ್ಟೇ. ಯಂತ್ರಕ್ಕೆ ಕಾರ್ಡು ತಾಗಿಸುವಾಗ ಹಿಂದಿನವರು ಗೊಣಗುತ್ತಾರೆಂಬ ಭಯ ನನ್ನ ವಯಸ್ಸಿನವರಿಗೆ ಎಷ್ಟಿರುತ್ತದೆಂದು ನಿಮಗೆ ಗೊತ್ತು. ಇಲ್ಲಿ ಆ ಭಯಕ್ಕೆ ಕಾರಣವೇ ಇಲ್ಲ.

“ಕಳೆದುಹೋದರೆ?” ಎನ್ನುತ್ತಾರೆ. ನಾನು ಬಂದ ಹೊಸತರಲ್ಲಿ ನನಗೂ ಎಲ್ಲರೂ ಕೇಳಿದ ಪ್ರಶ್ನೆ ಇದೇ. ಈ ನಗರದಲ್ಲಿ ಇಪ್ಪತ್ತಮೂರು ಜಿಲ್ಲೆಗಳಿವೆ, ಪ್ರತಿಯೊಂದಕ್ಕೂ ಒಂದು ಸಂಖ್ಯೆ. ನಡುವೆ ಒಂದನೆಯದು, ಸುತ್ತಲೂ ಎರಡರಿಂದ ಒಂಬತ್ತು, ಅದರಾಚೆ ಹೆಚ್ಚುಕಡಿಮೆ ಉಳಿದವೆಲ್ಲ. ಬೀದಿಯ ಮೂಲೆಯಲ್ಲಿರುವ ನೀಲಿ ಫಲಕದಲ್ಲಿ ಬೀದಿಯ ಹೆಸರಿಗಿಂತ ಮೊದಲು ಜಿಲ್ಲೆಯ ಸಂಖ್ಯೆ ಬರೆದಿರುತ್ತಾರೆ. ಎಲ್ಲಿ ನಿಂತರೂ ತಲೆ ಎತ್ತಿ ನೋಡಿದರೆ ಊರಿನ ಯಾವ ಭಾಗದಲ್ಲಿದ್ದೇನೆಂದು ತಿಳಿಯುತ್ತದೆ. ಪಿನ್‌ಕೋಡಿನಲ್ಲೂ ಅದೇ ಸಂಖ್ಯೆ ಅಡಗಿದೆ: 1160 ಎಂದರೆ ಹದಿನಾರನೆಯ ಜಿಲ್ಲೆ. ಗಣಿತದ ಮೇಡಂಗೆ ಇದನ್ನು ಹೇಳಿದಾಗ ಅವರ ಮುಖದಲ್ಲಿ ಬಂದ ಕಳೆಯನ್ನು ಅವರ ಮಗ ನೋಡಬೇಕಿತ್ತು. ಆಗ ಅವನು ಮಾವಿನಹಣ್ಣಿನ ರಸಾಯನ ಹಂಚುತ್ತಿದ್ದ.

ನನ್ನ ಮಗಳು ಬೇರೆ ಥರ. ಹೆರಿಗೆಯಾಗಿ ಆಸ್ಪತ್ರೆಯಿಂದ ಬಂದ ವಾರವೇ ನನ್ನ ಕೈಗೆ ಬೀಗದ ಕೈ, ವಾರದ ಪಾಸು, ಮನೆಯ ವಿಳಾಸ ಬರೆದ ಚೀಟಿ ಮೂರನ್ನೂ ಇಟ್ಟು, “ಮಧ್ಯಾಹ್ನ ನಾನೂ ಮಗುವೂ ಮಲಗಿರುತ್ತೇವೆ. ನೀನು ಹೋಗಿ ಬಾ ಅಮ್ಮ” ಎಂದಳು. ಎಲ್ಲಿಗೆ ಎಂದು ಕೇಳಲಿಲ್ಲ. ಚೀಟಿಯ ಹಿಂಬದಿಯಲ್ಲಿ 112, 144 ಎಂದು ಬರೆದಿದ್ದಳು. ಮೊದಲನೆಯದು ತುರ್ತು ಕರೆಗೆ, ಎರಡನೆಯದು ಆಂಬುಲೆನ್ಸಿಗೆ. ಇಷ್ಟು ಮಾಡಲು ಆ ಹುಡುಗಿಗೆ ಐದು ನಿಮಿಷ ಸಾಕಾಯಿತು.

ಆ ಐದು ನಿಮಿಷದಿಂದ ನನಗೆ ಸಿಕ್ಕಿದ್ದೆಲ್ಲವನ್ನೂ ಒಂದು ಬರಹದಲ್ಲಿ ಹೇಳಿ ಮುಗಿಸಲಾರೆ. ಹದಿನಾರನೆಯ ಜಿಲ್ಲೆಯಲ್ಲಿ ಬ್ರುನ್ನನ್‌ಮಾರ್ಕ್ಟ್ ಎಂಬ ಬೀದಿ ಸಂತೆಯಿದೆ, ಉದ್ದನೆಯ ಬೀದಿಯ ತುಂಬ ಅಂಗಡಿಗಳು. ವ್ಯಾಪಾರಿಗಳಲ್ಲಿ ಟರ್ಕಿ ಮೂಲದವರು ಬಹಳ. ಅಲ್ಲಿ ಬೆಂಡೆಕಾಯಿಯ ತುದಿ ಮುರಿದು ಎಳೆಯದೋ ಬಲಿತದ್ದೋ ಎಂದು ನೋಡಲು ಹೋದೆ. ತಲೆಗೆ ವಸ್ತ್ರ ಸುತ್ತಿದ್ದ ಅಂಗಡಿಯಾಕೆ ನನ್ನ ಕೈ ಹಿಡಿದು ತಡೆದರು, ಆಮೇಲೆ ತಾವೇ ಆರಿಸಿ ಕೊಟ್ಟರು. ಅವರಿಗೆ ಕನ್ನಡ ಬಾರದು, ನನಗೆ ಟರ್ಕಿಷ್ ಬಾರದು, ಜರ್ಮನ್ ಇಬ್ಬರಿಗೂ ಅಷ್ಟಕ್ಕಷ್ಟೇ. ಬೆಂಡೆಕಾಯಿಯ ವಿಷಯದಲ್ಲಿ ನಮ್ಮಿಬ್ಬರ ನಡುವೆ ಯಾವ ಭಿನ್ನಾಭಿಪ್ರಾಯವೂ ಇಲ್ಲ. ಈಗ ನನ್ನನ್ನು ದೂರದಿಂದಲೇ ಗುರುತಿಸಿ ಕೈ ಬೀಸುತ್ತಾರೆ. ಈ ಮಹಾನಗರದಲ್ಲಿ ಮಗಳ ತಾಯಿಯಾಗಿ ಅಲ್ಲದೆ ನಾನಾಗಿಯೇ ನನ್ನನ್ನು ಬಲ್ಲ ಮೊದಲ ಜೀವ ಆಕೆ. ಶನಿವಾರದ ಕಾರಿನಲ್ಲಿ ಹೋಗಿದ್ದರೆ ಅವರು ನನಗೆ ಸಿಗುತ್ತಿರಲಿಲ್ಲ. ಕಾರು ಅರಮನೆಯ ಮುಂದೆ ನಿಲ್ಲುತ್ತದೆ, ಫೋಟೋ ತೆಗೆಯುತ್ತಾರೆ, ಮಗು ಅಳುತ್ತದೆ, ಮನೆಗೆ ಮರಳುತ್ತಾರೆ.

ನೀರಿನ ಮಾತು ಹೇಳಲೇಬೇಕು. ಬೀದಿಬೀದಿಯಲ್ಲಿ, ಉದ್ಯಾನಗಳಲ್ಲಿ ಕುಡಿಯುವ ನೀರಿನ ನಲ್ಲಿಗಳಿವೆ, ಬಾಟಲಿ ಹೊರುವ ಕೆಲಸವೇ ಇಲ್ಲ. ನೀರು ಆಲ್ಪ್ಸ್ ಬೆಟ್ಟಗಳ ಬುಗ್ಗೆಗಳದು. ಎಡ್ವರ್ಡ್ ಸ್ಯೂಸ್ ಎಂಬ ಭೂವಿಜ್ಞಾನಿ ಹಟ ಹಿಡಿದು ಮಾಡಿಸಿದ ಮೊದಲ ಕೊಳವೆ ಮಾರ್ಗ 1873ರಲ್ಲಿ ತೆರೆಯಿತು, ಎರಡನೆಯದು 1910ರಲ್ಲಿ. ಇಳಿಜಾರಿನ ಬಲದಿಂದಲೇ ಅಷ್ಟು ದೂರ ಹರಿದು ಬರುತ್ತದೆ. ಕಾಫಿ ಮನೆಗಳಲ್ಲಿ ಒಂದು ಕಾಫಿ ತರಿಸಿಕೊಂಡರೂ ಪುಟ್ಟ ತಟ್ಟೆಯಲ್ಲಿ ಇದೇ ನೀರಿನ ಲೋಟವನ್ನೂ ಇಟ್ಟು ಕೊಡುತ್ತಾರೆ. ಆಮೇಲೆ ಸಂಜೆಯವರೆಗೆ ಕುಳಿತರೂ ಏಳಿ ಎನ್ನುವವರಿಲ್ಲ. ನನ್ನ ಸುತ್ತ ಒಬ್ಬೊಬ್ಬರೇ ಕುಳಿತ ವೃದ್ಧೆಯರನ್ನು ನೋಡುತ್ತೇನೆ: ಟೋಪಿ, ಕೈಚೀಲ, ಮರದ ಹಿಡಿಕೆಗೆ ಸಿಕ್ಕಿಸಿದ ದಿನಪತ್ರಿಕೆ. ಅವರನ್ನು ಯಾರೂ ಅಯ್ಯೋ ಪಾಪ ಎನ್ನುವುದಿಲ್ಲ. ಅವರ ಪಕ್ಕದ ಮೇಜಿನಲ್ಲಿ ಸೀರೆಯುಟ್ಟು, ಮೇಲೆ ಮಗಳ ಕೋಟು ಹಾಕಿಕೊಂಡು ಕುಳಿತ ನನ್ನನ್ನೂ ಎನ್ನುವುದಿಲ್ಲ.

ಇಲ್ಲಿ ಒಬ್ಬಂಟಿ ಹೆಂಗಸಿಗೆ ಇಷ್ಟು ನಿರಾಳವಾಗಿ ನಡೆದಾಡಲು ಸಾಧ್ಯವಾಗಿರುವುದರ ಹಿಂದೆ ಜನರ ದುಡಿಮೆಯಿದೆ. 1991ರಲ್ಲಿ ಎವಾ ಕೈಲ್ ಎಂಬ ನಗರ ಯೋಜಕಿ, ಸಹೋದ್ಯೋಗಿಯೊಬ್ಬರ ಜೊತೆ ಸೇರಿ, ಸಾಮಾನ್ಯ ಹೆಂಗಸರು ದಿನವಿಡೀ ನಗರದಲ್ಲಿ ಹೇಗೆ ಓಡಾಡುತ್ತಾರೆಂದು ತೋರಿಸುವ ಛಾಯಾಚಿತ್ರ ಪ್ರದರ್ಶನ ಏರ್ಪಡಿಸಿದರು. ಸಾರ್ವಜನಿಕ ಸ್ಥಳ ಯಾರದು ಎಂಬುದೇ ಅದರ ಪ್ರಶ್ನೆ. ಮರುವರ್ಷ ನಗರಾಡಳಿತ ಮಹಿಳಾ ಕಚೇರಿ ತೆರೆದು ಅವರನ್ನೇ ಮುಖ್ಯಸ್ಥೆಯನ್ನಾಗಿ ಮಾಡಿತು. ಮುಂದೆ ಆರನೆಯ ಜಿಲ್ಲೆಯಲ್ಲಿ ಕಾಲುಹಾದಿಗಳನ್ನು ಅಗಲ ಮಾಡಿದರು, ದೀಪ ಹೆಚ್ಚಿಸಿದರು. ಉದ್ಯಾನಗಳನ್ನು ಗಮನಿಸಿದಾಗ ಇನ್ನೊಂದು ಸಂಗತಿ ತಿಳಿದಿತ್ತು: ಒಂಬತ್ತು ಹತ್ತು ವರ್ಷ ದಾಟಿದ ಹುಡುಗಿಯರು ಅಲ್ಲಿಗೆ ಬರುವುದು ಕಡಿಮೆಯಾಗುತ್ತಿತ್ತು, ಗಂಡುಮಕ್ಕಳು ಜಾಗವನ್ನೆಲ್ಲ ಹಿಡಿಯುತ್ತಿದ್ದರು. ಐದನೆಯ ಜಿಲ್ಲೆಯ ಎರಡು ಉದ್ಯಾನಗಳನ್ನು ಆ ಹುಡುಗಿಯರಿಗಾಗಿಯೇ ಬದಲಿಸಿ ಕಟ್ಟಿದರು. ಹೊರಗೆ ಬಾರದವರು ಏಕೆ ಬರುತ್ತಿಲ್ಲ ಎಂದು ಒಂದು ನಗರ ಕೇಳಿಕೊಂಡಿದೆ. ಅದೇ ನಗರದಲ್ಲಿ, ಒಳಗಿನಿಂದ ಬಾಗಿಲು ಹಾಕಿಕೊಂಡು, ನಮ್ಮವರು ತಾಯಿಯನ್ನು ಮನೆಯಲ್ಲಿ ಕೂರಿಸಿದ್ದಾರೆ.

ಹಾಂ, ಅಪಾಯದ ಮಾತು. ನೀವು ಎತ್ತುತ್ತೀರಿ, ನನಗೆ ಗೊತ್ತು. ವಯಸ್ಸಾಗಿದೆ, ಚಳಿಗಾಲದಲ್ಲಿ ಮಂಜು ಗಡ್ಡೆ ಕಟ್ಟಿ ಜಾರುತ್ತದೆ, ಬಿದ್ದು ಸೊಂಟದ ಮೂಳೆ ಮುರಿದರೆ ವಿಮೆ ಎಷ್ಟು ಕೊಡುತ್ತದೋ, ಮಗ ರಜೆ ಹಾಕಬೇಕು, ಸೊಸೆಗೂ ಕಷ್ಟ. ಇದೆಲ್ಲ ನಿಜ. ನಿಜವಾದ್ದರಿಂದಲೇ ಒಳ್ಳೆಯ ಅಟ್ಟೆಯ ಬೂಟು ಕೊಡಿಸಿ, ವಿಮೆ ಮಾಡಿಸಿ, ಮೊದಲ ನಾಲ್ಕು ದಿನ ಜೊತೆಗೆ ನಡೆದು ದಾರಿ ತೋರಿಸಿ. ಆದರೆ ಬಚ್ಚಲಿನಲ್ಲೂ ಜಾರುತ್ತದಲ್ಲ, ಅಲ್ಲಿಗೆ ಹೋಗಬೇಡಿ ಎನ್ನುತ್ತೀರಾ? ಸಕ್ಕರೆ ಕಾಯಿಲೆಯ ಹೆಂಗಸನ್ನು ತಿಂಗಳುಗಟ್ಟಲೆ ಸೋಫಾದ ಮೇಲೆ ಕೂರಿಸುವುದು ಅಪಾಯವೆಂದು ಯಾರ ಲೆಕ್ಕಕ್ಕೂ ಬರುವುದಿಲ್ಲ. ಹೊರಗೆ ಹೋಗಲು ಅಮ್ಮನಿಗೇ ಇಷ್ಟವಿಲ್ಲ ಎಂದು ಇನ್ನೊಬ್ಬರು ಹೇಳಿದರು. ಇಷ್ಟವಿದೆಯೇ ಎಂದು ಒಮ್ಮೆಯಾದರೂ ಕೇಳಿದ್ದೀರಾ? ಕೇಳಿ, ಉತ್ತರ ಬರುವವರೆಗೆ ಸುಮ್ಮನೆ ಕಾದಿದ್ದೀರಾ? ನಮ್ಮ ತಲೆಮಾರಿನ ಹೆಂಗಸರು ಮೊದಲ ಬಾರಿಗೆ ಬೇಡ ಎಂದೇ ಹೇಳುತ್ತೇವೆ. ಹಾಗೆ ಹೇಳುವುದನ್ನೇ ನಮಗೆ ಕಲಿಸಿದ್ದು.

ನಾನೂ ಹಾಗೆ ಬೆಳೆದವಳೇ. ಮದುವೆಗೆ ಮೊದಲು ಅಣ್ಣ ಜೊತೆಗಿದ್ದ. ಆಮೇಲೆ ಇವರು. ಬ್ಯಾಂಕಿನಲ್ಲಿ ಮೂವತ್ತು ವರ್ಷ ಕೆಲಸ ಮಾಡಿದರೂ ಮನೆಯಿಂದ ಬ್ಯಾಂಕಿಗೆ, ಬ್ಯಾಂಕಿನಿಂದ ಮನೆಗೆ. ಇವರು ಹೋದ ಮೇಲೆ ನಾನು ಹೇಗಿದ್ದೆನೆಂದು ನಿಮಗೆಲ್ಲ ಗೊತ್ತಿದೆ, ಮತ್ತೆ ಹೇಳುವುದಿಲ್ಲ. ವರ್ಷ ತುಂಬುವ ಹೊತ್ತಿಗೆ ಮಗಳ ಹೆರಿಗೆ ಬಂತು, ವಿಮಾನ ಹತ್ತಿದೆ. ಬಾಣಂತಿ ಇರುವ ಮನೆಯಲ್ಲಿ ಅಳಬಾರದು. ಹಸುಗೂಸಿನ ಮುಂದೆ ಅಳಬಾರದು. ಅಳಿಯನ ಮುಂದೆ ಅಳುವುದಂತೂ ಆಗದು. ಖಾರದ ಪುಡಿ ಕುಟ್ಟಿ, ಕಷಾಯ ಕುದಿಸಿ, ಮಗುವಿಗೆ ಎಣ್ಣೆ ಹಚ್ಚಿ ನೀರೆರೆದು, ಗಂಟಲಲ್ಲೇ ಎಲ್ಲವನ್ನೂ ಹಿಡಿದುಕೊಂಡಿದ್ದೆ.

ಒಂದು ಮಧ್ಯಾಹ್ನ 71ನೆಯ ಟ್ರಾಮು ಹತ್ತಿದೆ. ಅದು ಊರಿನ ಆಗ್ನೇಯಕ್ಕಿರುವ ಮಹಾ ಸ್ಮಶಾನಕ್ಕೆ ಹೋಗುತ್ತದೆ, ಸೆಂಟ್ರಾಲ್‌ಫ್ರೀಡ್‌ಹೋಫ್ ಎಂದು ಹೆಸರು. 1874ರಲ್ಲಿ ತೆರೆದದ್ದು. ಸುಮಾರು ಎರಡೂವರೆ ಚದರ ಕಿಲೋಮೀಟರ್ ವಿಸ್ತಾರ, ಮೂವತ್ತು ಲಕ್ಷದಷ್ಟು ಜನ ಅಲ್ಲಿ ಮಣ್ಣಾಗಿದ್ದಾರೆ. ಬದುಕಿರುವ ವಿಯೆನ್ನಾ ಇಪ್ಪತ್ತು ಲಕ್ಷದ ಊರು. ಕ್ಯಾಥೊಲಿಕರು, ಪ್ರಾಟೆಸ್ಟೆಂಟರು, ಯಹೂದಿಗಳು, ಮುಸ್ಲಿಮರು, ಬೌದ್ಧರು, ಎಲ್ಲರಿಗೂ ಜಾಗವಿದೆ. ಪ್ರವಾಸಿಗಳು ಬೀಥೋವನ್, ಶೂಬರ್ಟ್, ಬ್ರಾಮ್ಸ್ ಅವರ ಸಮಾಧಿಗಳ ಮುಂದೆ ಫೋಟೋ ತೆಗೆಸಿಕೊಂಡು ಹೊರಟುಬಿಡುತ್ತಾರೆ. ನಾನು ಅದರಾಚೆ ನಡೆದು, ಯಾರೂ ಇಲ್ಲದ ಒಂದು ಸಾಲಿನಲ್ಲಿ ಬೆಂಚಿನ ಮೇಲೆ ಕುಳಿತೆ. ಹುಲ್ಲಿನಲ್ಲಿ ಕಾಡು ಹ್ಯಾಮ್‌ಸ್ಟರ್ ಒಂದು ಕೆನ್ನೆ ಉಬ್ಬಿಸಿಕೊಂಡು ಓಡಾಡುತ್ತಿತ್ತು. ಅಲ್ಲಿ ಕುಳಿತು ಗಟ್ಟಿಯಾಗಿ ಅತ್ತೆ. ಇವರ ಹೆಸರು ಹಿಡಿದು ಕರೆದೆ, ಅವರು ಬದುಕಿದ್ದಾಗ ಒಮ್ಮೆಯೂ ಕರೆಯದ ಹೆಸರನ್ನು. ಆ ಹೊತ್ತಿಗೆ ನಾನು ಎಲ್ಲಿದ್ದೇನೆಂದು ಭೂಮಿಯ ಮೇಲೆ ಒಬ್ಬರಿಗೂ ತಿಳಿದಿರಲಿಲ್ಲ. ಅರವತ್ತು ದಾಟಿದ ಮೇಲೆ ಮೊದಲ ಬಾರಿಗೆ ಹಾಗಾಯಿತು. ಅಳು ನಿಂತ ಮೇಲೆ ನಲ್ಲಿಯಲ್ಲಿ ಮುಖ ತೊಳೆದು, ಟ್ರಾಮು ಹಿಡಿದು ಮನೆಗೆ ಬಂದು, ರಾತ್ರಿಗೆ ಮೆಂತ್ಯದ ಮುದ್ದೆ ಮಾಡಿದೆ. ಮಗಳು “ಇವತ್ತು ಮುಖ ಚೆನ್ನಾಗಿದೆ ಅಮ್ಮ” ಎಂದಳು.

ಇದನ್ನು ಶನಿವಾರದ ಕಾರಿನಲ್ಲಿ, ಹಿಂದಿನ ಸೀಟಿನಲ್ಲಿ, ಮಗುವಿನ ಕುರ್ಚಿಯ ಪಕ್ಕ ಕುಳಿತು ಮಾಡಲು ಸಾಧ್ಯವೇ? ನೀವೇ ಹೇಳಿ.

ಹೊರದೇಶಗಳಲ್ಲಿರುವ ನಮ್ಮ ಮಕ್ಕಳೇ, ನನ್ನ ಗೆಳತಿಯರ ಮಕ್ಕಳೇ, ನಿಮ್ಮನ್ನು ಕೇಳಿಕೊಳ್ಳುತ್ತೇನೆ. ತಾಯಿ ಬರುವ ಮೊದಲೇ ಇನ್ನೊಂದು ಬೀಗದ ಕೈ ಮಾಡಿಸಿಡಿ. ಪಾಸು ತೆಗೆದುಕೊಡಿ. ಅವರ ಮೊಬೈಲಿಗೆ ಇಲ್ಲಿನ ಸಿಮ್ ಹಾಕಿಸಿ. ವಿಯೆನ್ನಾದಲ್ಲಾದರೆ ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ಅಂಗಡಿಗೆ ಕಾಲಿಟ್ಟಾಗ ಗ್ರ್ಯೂಸ್ ಗಾಟ್ ಎಂದು ನಮಸ್ಕಾರ ಹೇಳಿದರೆ ಮುಖ ಅರಳುತ್ತದೆ, ಇಷ್ಟು ತಿಳಿಸಿ. ಆಮೇಲೆ ಗಂಟೆಗೊಮ್ಮೆ ಫೋನು ಮಾಡಿ “ಎಲ್ಲಿದ್ದೀಯ?” ಎನ್ನಬೇಡಿ. ಎಲ್ಲಿದ್ದರೂ ಆರು ಗಂಟೆಗೆ ಬರುತ್ತಾರೆ. ನಿಮ್ಮನ್ನು ಬೆಳೆಸಿದವರು ಅವರು, ಸಮಯ ಅವರಿಗೆ ಗೊತ್ತಿದೆ.

ನನ್ನ ಹಿಂದಿನ ಬರಹಕ್ಕೆ, ಬಾಣಂತನಕ್ಕೆ ಹೋದಿರೋ ಊರು ಸುತ್ತಲು ಹೋದಿರೋ ಎಂದು ಕೇಳಿದವರಿದ್ದೀರಿ. ಎರಡಕ್ಕೂ ಬಂದಿದ್ದೇನೆ. ಬಾಣಂತನದಲ್ಲಿ ಕೊರತೆಯಾಗಿದ್ದರೆ ಮಗಳು ಹೇಳಲಿ, ಕೇಳುತ್ತೇನೆ. ನಾಳೆ ‘ಡಿ’ ಮಾರ್ಗದ ಟ್ರಾಮಿನಲ್ಲಿ ನುಸ್‌ಡಾರ್ಫ್‌ವರೆಗೂ ಹೋಗುವವಳಿದ್ದೇನೆ. ಅಲ್ಲಿಂದ ಬೆಟ್ಟದ ಕಡೆಗೆ ದ್ರಾಕ್ಷಿ ತೋಟಗಳ ನಡುವೆ ನಡೆಯುವ ದಾರಿಯಿದೆ. ಮಂಡಿ ಒಪ್ಪಿದಷ್ಟು ದೂರ ಹತ್ತುತ್ತೇನೆ.