ಅಮ್ಮನ ಖಾಲಿ ಚೀಲ

ಮಂಡಿನೋವಿಗೆ ತೋರಿಸಲು ಹೋದಾಗ ಡಾಕ್ಟರು ಅಮ್ಮನಿಗೆ ದಿನಾ ಅರ್ಧ ಗಂಟೆ ನಡೆಯಿರಿ ಅಂದರು. ಬ್ರಹ್ಮಾವರದ ಮನೆಗೆ ಬಂದ ಮೇಲೆ ಅಮ್ಮ ಕೇಳಿದ್ದು ಒಂದೇ. "ಎಲ್ಲಿ ನಡೆಯುವುದು ಮಗಾ?"

ಆದರೂ ಹೊರಟಳು. ದಾರಿಯಲ್ಲಿ ಸಿಕ್ಕಿದವರೆಲ್ಲ "ಎಲ್ಲಿಗೆ ಹೊರಟದ್ದು?" ಅಂತ ಕೇಳಿದರು. ಸುಮ್ನೆ ನಡೆಯಲು ಬಂದೆ ಅನ್ನಲು ಅವಳಿಗೆ ಸಂಕೋಚ. ಮೂರನೇ ದಿನದಿಂದ ಕೈಯಲ್ಲೊಂದು ಖಾಲಿ ಬಟ್ಟೆಚೀಲ. ಅಂಗಡಿಗೆ ಹೊರಟಂತೆ ಕಾಣಬೇಕಲ್ವಾ?

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ಓದುವಾಗ ಆ ಚೀಲವೇ ಕಣ್ಣ ಮುಂದೆ ಬಂತು. ವಾರಕ್ಕೆ 150 ನಿಮಿಷ ಚುರುಕಾಗಿ ನಡೆದಷ್ಟೂ ಮೈ ಅಲುಗಾಡದವರು 2022ರಲ್ಲಿ ಜಗತ್ತಿನ ವಯಸ್ಕರಲ್ಲಿ ಶೇ. 31. ನಮ್ಮ ದೇಶದಲ್ಲಿ ಹತ್ತಿರ ಹತ್ತಿರ ಅರ್ಧ. 2000ದಲ್ಲಿ ಇದು ಶೇ. 22 ಇತ್ತು. 2022ರಲ್ಲಿ ಗಂಡಸರಲ್ಲಿ ಶೇ. 42, ಹೆಂಗಸರಲ್ಲಿ ಶೇ. 57!

2018ರಲ್ಲಿ ಬಂದ ಇನ್ನೊಂದು ಲೆಕ್ಕದಲ್ಲಿ ಹೀಗೆ ಮೈ ಅಲುಗಾಡದವರು ಕುವೈತಿನಲ್ಲಿ ಶೇ. 67, ಉಗಾಂಡದಲ್ಲಿ ಶೇ. ಆರಕ್ಕಿಂತ ಕಡಿಮೆ. ಕುವೈತಿಗೆ ದುಡಿಯಲು ಹೋದವರು ನಮ್ಮೂರಲ್ಲಿ ಎಷ್ಟೋ ಜನ. ಬೇಸಿಗೆಯಲ್ಲಿ 45 ಡಿಗ್ರಿ ದಾಟುವ ಆ ಬಿಸಿಲಿಗೆ ಯಾರು ನಡೆದಾರು? ಉಗಾಂಡದಲ್ಲಿ ಹೆಚ್ಚಿನವರ ಬದುಕು ಬೇಸಾಯದ್ದು. ಗದ್ದೆಯಲ್ಲೇ ಮೈ ದಣಿಯುತ್ತದೆ. ಹಾಗಾಗಿ ಇದನ್ನು ಬರೀ ಸೋಮಾರಿತನ ಅನ್ನುವುದನ್ನು ನಾನು ಒಪ್ಪುವುದಿಲ್ಲ.

ನಮ್ಮ ಅಜ್ಜಿ ಬಾವಿಯಿಂದ ನೀರು ಸೇದುತ್ತಿದ್ದರು, ಕಲ್ಲಿನಲ್ಲಿ ಅರೆಯುತ್ತಿದ್ದರು. ಪಂಪು, ಮಿಕ್ಸಿ ಬಂದದ್ದು ಒಳ್ಳೆಯದೇ. ಆ ಕಷ್ಟ ಯಾರಿಗೂ ಮತ್ತೆ ಬೇಡ. ಆದರೆ ಮನೆಯೊಳಗಿನ ದುಡಿಮೆ ಹಗುರಾದಾಗ ಮನೆಯ ಹೊರಗೆ ಹೆಂಗಸರಿಗೆ ಜಾಗ ಸಿಕ್ಕಿತಾ? ಪಕ್ಕದ ಮನೆಯ ಅಕ್ಕ ಮಡಿಲಲ್ಲಿ ಮೊರ ಇಟ್ಟುಕೊಂಡು ಬೆಳಿಗ್ಗೆಯಿಂದ ಬೀಡಿ ಕಟ್ಟುತ್ತಾರೆ. ಬೆರಳು ಒಂದು ಕ್ಷಣ ನಿಲ್ಲುವುದಿಲ್ಲ, ಕಾಲು ಮಾತ್ರ ಮಡಚಿದಲ್ಲೇ. ಸಂಜೆ ಏಳುವಾಗ ಗೋಡೆ ಹಿಡಿಯಬೇಕು. ಇಷ್ಟು ದುಡಿದವರಿಗೆ "ವ್ಯಾಯಾಮ ಮಾಡಿ" ಅನ್ನುವುದು ಸುಲಭ.

ಮಂಗಳೂರಿನಲ್ಲಿ ಕದ್ರಿ ಪಾರ್ಕ್ ಇದೆ, ಮಣಿಪಾಲದಲ್ಲಿ ಎಂಡ್ ಪಾಯಿಂಟ್ ಇದೆ. ಅಲ್ಲಿ ನಡೆಯುವವರನ್ನು ಕಂಡರೆ ಖುಷಿಯಾಗುತ್ತದೆ. ಆದರೆ ಅಮ್ಮ ನಡೆಯಲು ಬಸ್ಸು ಹತ್ತಿ ಹೋಗಬೇಕಾ? ನಮ್ಮ ಒಳರಸ್ತೆಯಲ್ಲಿ ಡಾಂಬರು ಮುಗಿದಲ್ಲೇ ಚರಂಡಿ. ಮಳೆಗಾಲದಲ್ಲಿ ಹುಲ್ಲು ಬೆಳೆದು ಅದೂ ಕಾಣುವುದಿಲ್ಲ. ಟಿಪ್ಪರ್ ಬಂದರೆ ಎಲ್ಲಿ ಸರಿಯುವುದು?

ಮುಂದಿನ ಗ್ರಾಮಸಭೆಯಲ್ಲಿ ಕೇಳುತ್ತೇನೆ. ಶಾಲೆಯಿಂದ ಸೇತುವೆಯ ತನಕ ಚರಂಡಿಗೆ ಹಾಸುಕಲ್ಲು, ನಾಲ್ಕು ದೀಪ. ನಮ್ಮ ವಾರ್ಡಿನವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಜೊತೆಗೆ ಬನ್ನಿ. ಮನೆಯ ಹೆಂಗಸರನ್ನೂ ಕರೆದುಕೊಂಡು ಬನ್ನಿ.