ಹೆಸರೇ ಉಸಿರು

ಜೂನ್ 5ರಂದು ನಮ್ಮೂರಿನ ಬಸ್ ನಿಲ್ದಾಣದ ಎದುರು ಕಟ್ಟಿದ ಫ್ಲೆಕ್ಸಿನಲ್ಲಿ ‘ಹಸಿರೇ ಉಸಿರು’ ಎಂದು ಇರಬೇಕಿತ್ತು. ಅಚ್ಚು ಹಾಕುವ ಹುಡುಗ ‘ಸಿ’ಯ ಗುಡಿಸು ಕಳಚಿ ‘ಹ’ಕ್ಕೆ ಎತ್ವ ಕೊಟ್ಟುಬಿಟ್ಟಿದ್ದ. ‘ಹೆಸರೇ ಉಸಿರು’ ಎಂದಾಗಿತ್ತು. ಅದರ ಕೆಳಗೆ ಮೂವತ್ತೊಂದು ಜನರ ಭಾವಚಿತ್ರ, ಎಲ್ಲರದೂ ಕೈ ಮುಗಿದ ಭಂಗಿ. ಆ ಮೂವತ್ತೊಂದು ಜನರೂ ಒಬ್ಬೊಬ್ಬರಾಗಿ ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡರು. ಒಬ್ಬರ ಕಣ್ಣಿಗೂ ತಪ್ಪು ಬೀಳಲಿಲ್ಲ. ತಮ್ಮ ಮುಖ ಎಷ್ಟನೇ ಸಾಲಿನಲ್ಲಿದೆ ಎಂದು ನೋಡುವುದಕ್ಕೇ ಹೊತ್ತು ಸಾಲಲಿಲ್ಲ. ಸಂಜೆ ನಾನೇ ಅಂಗಡಿಗೆ ಹೋಗಿ ತಕರಾರು ತೆಗೆದೆ. ಹುಡುಗ ಮೊಬೈಲಿನಲ್ಲಿ ಫ್ಲೆಕ್ಸನ್ನು ಹಿಗ್ಗಿಸಿ ನೋಡಿದ, ಮುಖಗಳನ್ನು ಮೇಲಿನಿಂದ ಕೆಳಗಿನವರೆಗೆ ಎಣಿಸಿದ, ಆಮೇಲೆ ಕೇಳಿದ: “ಇದರಲ್ಲಿ ತಪ್ಪೇನಿದೆ ಸಾರ್?”

ನಾನು ಉತ್ತರ ಹೇಳದೆ ಬಿಲ್ಲು ಪಡೆದು ಬಂದೆ. ಅಂದ ಹಾಗೆ, ಫ್ಲೆಕ್ಸನ್ನು ನಮ್ಮ ರಾಜ್ಯ ಸರ್ಕಾರ 2016ರಲ್ಲೇ ನಿಷೇಧಿಸಿದೆ. ಹಾಗಾಗಿ ಬಿಲ್ಲಿನಲ್ಲಿ ‘ಬಟ್ಟೆ’ ಎಂದು ಬರೆಸಿಕೊಂಡೆ.

ನಾನು ಊರಿಗೆ ಹೂವಿನ ಸಿಂಗಾರ ಮಾಡಲು ಟೊಂಕ ಕಟ್ಟಿದ ಸ್ವಯಂಸೇವಕರ ಬಳಗವೊಂದರ ಖಜಾಂಚಿ. ನಿವೃತ್ತ ಗುಮಾಸ್ತನೆಂಬ ಕಾರಣಕ್ಕೆ ಲೆಕ್ಕದ ಪುಸ್ತಕವನ್ನು ನನ್ನ ಕೊರಳಿಗೆ ಕಟ್ಟಿದರು. ಉಳಿದವರೆಲ್ಲ ಅಧ್ಯಕ್ಷರು, ಗೌರವಾಧ್ಯಕ್ಷರು, ಕಾರ್ಯಾಧ್ಯಕ್ಷರು, ಸಂಸ್ಥಾಪಕ ಅಧ್ಯಕ್ಷರು, ನಿಕಟಪೂರ್ವ ಅಧ್ಯಕ್ಷರು. ಗಿಡಕ್ಕೆ ನೀರು ಹಾಕುವ ಹುದ್ದೆಯೊಂದು ನಮ್ಮ ಬೈಲಾದಲ್ಲಿ ಇಲ್ಲ.

ಇದೆಲ್ಲ ಶುರುವಾದದ್ದು ಇಂಗ್ಲೆಂಡಿನಿಂದ. ನಮ್ಮ ಅಧ್ಯಕ್ಷರು ಮಡದಿಯ ಜೊತೆ ಮಗಳ ಬಾಣಂತನಕ್ಕೆಂದು ಅಲ್ಲಿಗೆ ಹೋಗಿದ್ದರು. ಬಾಣಂತನ ಮಾಡುವುದು ಅವರ ಮಡದಿ. ಇವರು ಬೀದಿ ಸುತ್ತಿದರು. ಅಲ್ಲಿ ಸಣ್ಣ ಊರುಗಳಲ್ಲೂ ದೀಪದ ಕಂಬಕ್ಕೆ ಹೂವಿನ ಬುಟ್ಟಿ ತೂಗುಬಿಟ್ಟಿರುತ್ತಾರೆ. ಯಾವ ಊರು ಹೆಚ್ಚು ಚೆಂದ ಎಂದು ‘ಬ್ರಿಟನ್ ಇನ್ ಬ್ಲೂಮ್’ ಎಂಬ ಸ್ಪರ್ಧೆಯೇ 1964ರಿಂದ ನಡೆಯುತ್ತಿದೆ. ಊರಿನ ಜನರೇ ಸೇರಿ ಗಿಡ ನೋಡಿಕೊಳ್ಳುತ್ತಾರೆ. ಅಧ್ಯಕ್ಷರು ಮೊಬೈಲಿನಲ್ಲಿ ನಾನೂರು ಫೋಟೊ ಹೊತ್ತು ತಂದರು. ಒಂದರಲ್ಲಿ ಬಿಳಿಕೂದಲಿನ ಮುದುಕಿಯೊಬ್ಬಳು ಏಣಿ ಹತ್ತಿ ಬುಟ್ಟಿಗೆ ನೀರು ಹಾಕುತ್ತಿದ್ದಳು. ಸುತ್ತ ಯಾರೂ ಇರಲಿಲ್ಲ. ಅಧ್ಯಕ್ಷರು ಆ ಚಿತ್ರದ ಮೇಲೆ ಬೆರಳಿಟ್ಟು ನಿಟ್ಟುಸಿರು ಬಿಟ್ಟರು. “ಪಾಪ, ಅಷ್ಟು ಮುಂದುವರಿದ ದೇಶ. ಒಬ್ಬ ಮುಖ್ಯ ಅತಿಥಿಯೂ ಸಿಕ್ಕಿಲ್ಲ ಅವರಿಗೆ.”

ನಮಗೆ ಆ ದಾರಿದ್ರ್ಯ ಬರಬಾರದೆಂದು ಏಳು ಜನ ಮುಖ್ಯ ಅತಿಥಿಗಳನ್ನು ಕರೆದೆವು. ಶಾಮಿಯಾನ ಹಾಕಲು ಜಾಗ ನೋಡಿದರೆ ಅಲ್ಲೊಂದು ಹಳೆಯ ಬೇವಿನ ಮರ. ಅದರ ಎರಡು ದಪ್ಪ ಟೊಂಗೆಗಳು ಫ್ಲೆಕ್ಸಿನ ಮೇಲಿನ ಸಾಲಿನ ಮುಖಗಳಿಗೆ ಅಡ್ಡ ಬರುತ್ತಿದ್ದವು. ಮರ ಕಡಿಯಬೇಕಾದರೆ 1976ರ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿ ಬೇಕಲ್ಲವೇ ಎಂದು ನಾನು ರಾಗ ತೆಗೆದೆ. ನಮ್ಮ ಬಳಗದ ವಕೀಲರು ಟೊಂಗೆ ಎಂದರೆ ಮರವಲ್ಲ ಎಂದು ಅಭಿಪ್ರಾಯ ಕೊಟ್ಟರು. ಪರಿಸರ ದಿನದ ಹಿಂದಿನ ರಾತ್ರಿ ಟೊಂಗೆಗಳು ಉರುಳಿದವು. ಆ ಸೌದೆ ಬೆಳಗಿನ ಉಪ್ಪಿಟ್ಟಿಗೆ ಆಯಿತು. ಉಪ್ಪಿಟ್ಟಿಗೆ ಸ್ವಲ್ಪ ಹೊಗೆ ಹತ್ತಿತ್ತು, ಆದರೂ ಚೆನ್ನಾಗಿತ್ತು.

ಖರ್ಚಿನ ಪುಟ ಈಗಲೂ ನನ್ನ ಮುಂದಿದೆ. ಶಾಮಿಯಾನ, ಮೈಕು, ಜನರೇಟರ್, ಏಳು ಮೈಸೂರು ಪೇಟ, ಏಳು ಶಾಲು, ಏಳು ಹಣ್ಣಿನ ಬುಟ್ಟಿ, ಮೇಲಿನಿಂದ ಚಿತ್ರ ತೆಗೆಯುವ ಡ್ರೋನ್ ಬಾಡಿಗೆ, ಉಪ್ಪಿಟ್ಟು, ಕೇಸರಿಬಾತು. ಎಲ್ಲಕ್ಕಿಂತ ಕೊನೆಯಲ್ಲಿ ಸಸಿ, ಅರಣ್ಯ ಇಲಾಖೆಯ ನರ್ಸರಿಯ ರಿಯಾಯಿತಿ ದರದಲ್ಲಿ. ಆ ಮೊತ್ತ ಎಷ್ಟು ಸಣ್ಣದೆಂದರೆ ಆಡಿಟ್ ಮಾಡುವವರು ಸೊನ್ನೆ ಬಿಟ್ಟುಹೋಗಿದೆಯೇ ಎಂದು ಕೇಳಿದರು. ಅದರ ಮೇಲಿನ ಸಾಲಿನಲ್ಲೇ ಹಾರಕ್ಕೆಂದು ನಲವತ್ತು ಮಾರು ಸೇವಂತಿಗೆ. ನೆಟ್ಟ ಗಿಡಗಳು ಅಷ್ಟು ಹೂ ಬಿಡಲು ಎಷ್ಟು ವರ್ಷ ಬೇಕೆಂದು ಪುಟದ ಅಂಚಿನಲ್ಲಿ ಲೆಕ್ಕ ಹಾಕಲು ಹೋಗಿ ಅರ್ಧಕ್ಕೆ ಬಿಟ್ಟಿದ್ದೇನೆ.

ಗುಂಡಿಗಳನ್ನು ಪೌರಕಾರ್ಮಿಕರು ಹಿಂದಿನ ದಿನವೇ ತೋಡಿಟ್ಟಿದ್ದರು. ಏಳು ಅತಿಥಿಗಳು ಒಂದೇ ಸಸಿಗೆ ಕೈ ಹಾಕಿದರು. ಹಿಂದೆ ನಿಂತವರು ಮುಂದಿನವರ ಕಂಕುಳ ಸಂದಿಯಿಂದ ಕೈ ತೂರಿಸಿ ಒಂದು ಎಲೆಯನ್ನಾದರೂ ಮುಟ್ಟಿದರು. ಎಲೆ ಸಿಗದವರು ಎಲೆ ಮುಟ್ಟಿದವರ ಮೊಣಕೈ ಹಿಡಿದರು. ಈ ಗದ್ದಲದಲ್ಲಿ ಸಸಿಯನ್ನು ಕಪ್ಪು ಪ್ಲಾಸ್ಟಿಕ್ ಚೀಲದ ಸಮೇತ ಗುಂಡಿಗೆ ಇಳಿಸಿ ಮಣ್ಣು ಎಳೆದುಬಿಟ್ಟರು. ಚೀಲ ಹರಿಯಬೇಕು ಎಂದು ಹೇಳಲು ನರ್ಸರಿಯ ಮಾಲಿ ಬಾಯಿ ತೆರೆದಿದ್ದ; ಅಷ್ಟರಲ್ಲಿ ಚಪ್ಪಾಳೆ ಬಿತ್ತು. ಗಿಡಕ್ಕೆ ಒಂದು ತಂಬಿಗೆ ನೀರು, ಅತಿಥಿಗಳ ಕೈ ತೊಳೆಯಲು ಎರಡು ಬಿಂದಿಗೆ. ಕೈ ತೊಳೆದ ನೀರಾದರೂ ಬುಡಕ್ಕೆ ಹೋಗಬಹುದಿತ್ತು, ಆದರೆ ಕೆಸರಾದರೆ ಬೂಟಿಗೆ ಹತ್ತುತ್ತದೆಂದು ಚರಂಡಿಯ ಕಡೆ ತಿರುಗಿ ತೊಳೆದರು.

ಇನ್ನು ಟ್ರೀ ಗಾರ್ಡಿನ ವಿಷಯ. ನಮ್ಮ ಬಳಗದ ನಿಜವಾದ ಫಸಲು ಅದೇ. ಎದೆಮಟ್ಟದ ಕಬ್ಬಿಣದ ಗೂಡು, ಅದಕ್ಕೆ ಹಸಿರು ಬಣ್ಣ, ನಡುವೆ ಹಳದಿ ತಗಡಿನ ಮೇಲೆ ದಾನಿಯ ಹೆಸರು, ಊರು, ಮೊಬೈಲ್ ಸಂಖ್ಯೆ. ಗಿಡ ಯಾವುದೆಂದು ಬರೆದಿಲ್ಲ. ಎಂಬತ್ತು ಗೂಡುಗಳು ದಾನ ಬಂದವು. ಗಿಡ ದಾನ ಮಾಡುತ್ತೇನೆ ಎಂದವರು ಒಬ್ಬರೇ, ಅವರೂ ಗೂಡಿನ ದರ ಕೇಳಿಕೊಂಡು ಆ ಕಡೆ ವಾಲಿದರು. ಮಳೆಗಾಲ ಮುಗಿಯುವ ಹೊತ್ತಿಗೆ ಗಿಡ ಸತ್ತ ಗೂಡುಗಳೇ ಹೆಚ್ಚಾದವು. ಒಂದರಲ್ಲಿ ಎಳನೀರಿನ ಬುರುಡೆ, ಇನ್ನೊಂದರಲ್ಲಿ ಗುಟ್ಕಾ ಚೀಟಿ, ಮತ್ತೊಂದರೊಳಗೆ ಒಂದು ಕರಿ ಬೆಕ್ಕು ಮರಿ ಹಾಕಿತ್ತು. ಗೂಡು ಮಾತ್ರ ಗಟ್ಟಿಮುಟ್ಟಾಗಿ ನಿಂತು ತನ್ನ ಮೇಲಿನ ಹೆಸರನ್ನು ಕಾಯುತ್ತಿತ್ತು. ಕೆಲವನ್ನು ಯಾರೋ ರಾತ್ರಿ ಕಿತ್ತು ಗುಜರಿಗೆ ಹಾಕಿದರು. ಅದೊಂದು ದಿನ ಬಳಗದ ತುರ್ತು ಸಭೆ ನಡೆಯಿತು. ಗಿಡ ಸತ್ತಾಗ ಸಭೆ ಕರೆದ ನೆನಪು ನನಗಿಲ್ಲ, ನಡಾವಳಿ ಪುಸ್ತಕದಲ್ಲೂ ಇಲ್ಲ.

ಅಶೋಕ ಚಕ್ರವರ್ತಿ ರಸ್ತೆಯ ಎರಡೂ ಬದಿಗಳಲ್ಲಿ ಸಾಲುಮರಗಳನ್ನು ನೆಡಿಸಿದನು ಎಂದು ಶಾಲೆಯಲ್ಲಿ ಬಾಯಿಪಾಠ ಮಾಡದವರು ಕನ್ನಡನಾಡಿನಲ್ಲಿ ಇರಲಿಕ್ಕಿಲ್ಲ. ದಾರಿಯುದ್ದಕ್ಕೂ ಆಲದ ಮರ ನೆಡಿಸಿದ ಸಂಗತಿ ಅವನ ಏಳನೆಯ ಸ್ತಂಭಶಾಸನದಲ್ಲಿ ನಿಜವಾಗಿಯೂ ಇದೆ. ಆದರೆ ಆ ಶಾಸನದಲ್ಲಿ ಅಶೋಕ ಎಂಬ ಹೆಸರಿಲ್ಲ. ‘ದೇವಾನಾಂಪ್ರಿಯ ಪ್ರಿಯದರ್ಶಿ’ ಎಂದಷ್ಟೇ ಇದೆ. ಈ ದೇವಾನಾಂಪ್ರಿಯನೇ ಅಶೋಕ ಎಂಬುದಕ್ಕೆ ಕಲ್ಲಿನ ಸಾಕ್ಷಿ ಸಿಕ್ಕಿದ್ದು 1915ರಲ್ಲಿ, ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯ ಬಂಡೆಯ ಮೇಲೆ. ಮರ ನೆಡಿಸಿ ಎರಡು ಸಾವಿರ ವರ್ಷಕ್ಕೂ ಮಿಕ್ಕಿ ಹೆಸರಿಗೆ ಕಾದ ಮನುಷ್ಯ. ನಮ್ಮ ಉಪಾಧ್ಯಕ್ಷರು ಸಂಜೆಯವರೆಗೂ ಕಾಯಲಿಲ್ಲ. ತಮ್ಮ ತಗಡಿನಲ್ಲಿ ಇನಿಷಿಯಲ್ ಬಿಟ್ಟುಹೋಗಿದೆಯೆಂದು ಊಟದ ಮಧ್ಯೆ ಎದ್ದು ವೆಲ್ಡಿಂಗ್ ಅಂಗಡಿಗೆ ಓಡಿದರು.

ಭಾಷಣಗಳಲ್ಲಿ ಸಾಲುಮರದ ತಿಮ್ಮಕ್ಕನವರ ಹೆಸರು ಹನ್ನೊಂದು ಸಲ ಬಂತು. ಆಕೆ ಮತ್ತು ಗಂಡ ಚಿಕ್ಕಯ್ಯ ಹುಲಿಕಲ್ಲಿನಿಂದ ಕುದೂರಿಗೆ ಹೋಗುವ ದಾರಿಯಲ್ಲಿ ಆಲದ ಸಸಿ ನೆಟ್ಟು, ಕೊಡದಲ್ಲಿ ನೀರು ಹೊತ್ತು, ದನ ಬಾಯಿ ಹಾಕದಂತೆ ಮುಳ್ಳು ಕಟ್ಟಿ 385 ಮರ ಮಾಡಿದರು. ನಮ್ಮ ಭಾಷಣಗಳಲ್ಲಿ ಕೊಡ ಬರಲಿಲ್ಲ, ಮುಳ್ಳೂ ಬರಲಿಲ್ಲ. 2019ರಲ್ಲಿ ಆಕೆಗೆ ಪದ್ಮಶ್ರೀ ಬಂದದ್ದು ಬಂತು. ಅದೇ ವರ್ಷ ರಸ್ತೆ ಅಗಲೀಕರಣ ಆ ಮರಗಳ ಬುಡಕ್ಕೇ ಬಂದು, ನೂರು ದಾಟಿದ ಅಜ್ಜಿ ಮುಖ್ಯಮಂತ್ರಿಯವರಿಗೆ ‘ನನ್ನ ಮರ ಉಳಿಸಿಕೊಡಿ’ ಎಂದು ಮೊರೆಯಿಡಬೇಕಾದದ್ದು ಬರಲಿಲ್ಲ. ಹಾರ ಹಾಕುವ ಕೈಯೇ ಅಳತೆ ಟೇಪನ್ನೂ ಹಿಡಿಯುತ್ತದೆ ಎಂದು ಮೈಕಿನಲ್ಲಿ ಹೇಳುವುದು ಹೇಗೆ, ಆ ಎರಡೂ ಕೈಯವರು ವೇದಿಕೆಯ ಮೇಲೇ ಕುಳಿತಿರುವಾಗ?

ಮುಂದಿನ ಸಭೆಯಲ್ಲಿ ನಾನೊಂದು ಮಾತು ಆಡಿದೆ. ಆಡಬಾರದಿತ್ತು. ಅರಣ್ಯ ಇಲಾಖೆಯಲ್ಲಿ ‘ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ’ ಎಂದಿದೆ. ರೈತ ಸಸಿ ನೆಟ್ಟ ದಿನ ಯಾರೂ ಅವನಿಗೆ ಶಾಲು ಹೊದಿಸುವುದಿಲ್ಲ. ವರ್ಷ ಕಳೆದ ಮೇಲೆ ಹೊಲಕ್ಕೆ ಬಂದು ಬದುಕಿರುವ ಗಿಡ ಎಣಿಸುತ್ತಾರೆ, ಬದುಕಿದ್ದಕ್ಕೆ ಮಾತ್ರ ದುಡ್ಡು. ಹೀಗೆ ಮೂರು ವರ್ಷ ಎಣಿಸಿ, ಮೂರೂ ಸೇರಿ ಗಿಡವೊಂದಕ್ಕೆ 125 ರೂಪಾಯಿ. “ನಾವೂ ಹಾಗೆಯೇ ಮಾಡೋಣ. ಶಾಲು, ಪೇಟ ತಂದು ನನ್ನ ಬೀರುವಿನಲ್ಲಿ ಇಟ್ಟಿರುತ್ತೇನೆ. ಮೂರು ವರ್ಷದ ನಂತರ ಯಾರ ಗಿಡ ಉಳಿದಿದೆಯೋ ಅವರಿಗೆ ಹೊದಿಸೋಣ” ಎಂದೆ. ಸಭೆಯಲ್ಲಿ ಫ್ಯಾನಿನ ಸದ್ದು ಕೇಳಿಸಿತು. ಸಂಸ್ಥಾಪಕ ಅಧ್ಯಕ್ಷರು ಕನ್ನಡಕ ಒರೆಸಿಕೊಂಡು, “ಖಜಾಂಚಿಗಳಿಗೆ ಇತ್ತೀಚೆಗೆ ಸಕ್ಕರೆ ಕಾಯಿಲೆ ಜಾಸ್ತಿ ಆದ ಹಾಗಿದೆ” ಎಂದರು. ನಡಾವಳಿಯಲ್ಲಿ ‘ಚರ್ಚಿಸಲಾಯಿತು’ ಎಂದು ಬರೆದೆವು.

ಹಾಗೆಂದು ಹೂ ಅರಳಲೇ ಇಲ್ಲ ಎಂದರೆ ಸುಳ್ಳಾದೀತು. ಡಿವೈಡರಿನ ದಾಸವಾಳ, ನಂದಿಬಟ್ಟಲು, ಕಣಗಿಲೆ ಚೆನ್ನಾಗಿಯೇ ಹತ್ತಿದವು. ಆದರೆ ಊರಿನವರು ಯಾರೂ ಆ ಹೂಗಳನ್ನು ಕಂಡಿಲ್ಲ. ಬೆಳಗಿನ ಐದೂವರೆಗೇ ವಾಕಿಂಗ್ ಹೊರಡುವ ಭಕ್ತಾದಿಗಳು ಒಂದು ಕೈಯಲ್ಲಿ ಪ್ಲಾಸ್ಟಿಕ್ ಕವರ್, ಇನ್ನೊಂದರಲ್ಲಿ ತುದಿಗೆ ಕೊಕ್ಕೆಯಿರುವ ಕೋಲು ಹಿಡಿದು ಬಂದು, ಮೊಗ್ಗು ಬಾಯಿ ಬಿಡುವ ಮೊದಲೇ ಬೋಳಿಸಿಬಿಡುತ್ತಿದ್ದರು. ‘ಹೂ ಕೀಳಬಾರದು’ ಎಂಬ ಫಲಕ ಹಾಕಿದೆವು. ಫಲಕದ ದಾನಿಯ ಹೆಸರು ದೊಡ್ಡದಾಗಿ, ಎಚ್ಚರಿಕೆ ಸಣ್ಣದಾಗಿ ಬಂತು. ಕಡೆಗೆ ನಾನೇ ಒಂದು ಮುಂಜಾನೆ ಮಫ್ಲರ್ ಸುತ್ತಿಕೊಂಡು ಮುಚ್ಚಿದ ಗೂಡಂಗಡಿಯ ಹಿಂದೆ ಕಾದು ಕುಳಿತೆ. ಕೋಲು ಮೊದಲು ಕಂಡಿತು, ಆಮೇಲೆ ಕವರ್ ಕಂಡಿತು, ಆಮೇಲೆ ನಮ್ಮ ಗೌರವಾಧ್ಯಕ್ಷರು ಕಂಡರು. ಅವರಿಗೆ ಚೂರೂ ಗಾಬರಿಯಾಗಲಿಲ್ಲ. “ನನಗಲ್ಲ ಸ್ವಾಮಿ, ದೇವರಿಗೆ. ದೇವರಿಗೆ ಹೋದದ್ದನ್ನು ನಷ್ಟದ ಬಾಬಿನಲ್ಲಿ ಬರೆದುಗಿರೆದೀರಿ” ಎಂದು ಹೇಳಿ, ಎಟುಕದ ಒಂದು ಕೊಂಬೆಯನ್ನು ಬಗ್ಗಿಸಿ ಹಿಡಿಯುವಂತೆ ನನಗೇ ಹೇಳಿದರು. ಬಗ್ಗಿಸಿ ಹಿಡಿದೆ. ದೇವರ ಕೆಲಸ.

ದೇವರಿಗೆ ಬೇಡವಾದ ಹೂ ಯಾವುದು ಎಂದು ಹುಡುಕಲು ಉಪಸಮಿತಿ ರಚಿಸಿದೆವು. ಕಾಗದದ ಹೂ ಎಂದು ವರದಿ ಬಂತು. ಮುಡಿಯಲು ಬಾರದು, ಪೂಜೆಗೆ ಬಾರದು, ಮುಳ್ಳಿರುವುದರಿಂದ ಸುಲಭಕ್ಕೆ ಕೈ ಹಾಕಲೂ ಬಾರದು, ನೀರು ಕಡಿಮೆಯಾದಷ್ಟೂ ಹೂ ಹೆಚ್ಚು. ನಮ್ಮ ಬಳಗಕ್ಕೆ ಹೇಳಿ ಮಾಡಿಸಿದ ಗಿಡ. ಸತ್ತ ಗಿಡಗಳ ಗೂಡುಗಳಲ್ಲಿ ಅದನ್ನೇ ನೆಟ್ಟೆವು. ಎರಡನೆಯ ಬೇಸಿಗೆಗೆ ಬಸ್ ನಿಲ್ದಾಣದಿಂದ ತಾಲೂಕು ಕಚೇರಿಯವರೆಗೆ ರಸ್ತೆ ಗುಲಾಬಿ ಬಣ್ಣಕ್ಕೆ ತಿರುಗಿತು. ಬಸ್ಸಿನ ಕಿಟಕಿಯಿಂದ ಮಕ್ಕಳು ಕೈ ಚಾಚುತ್ತಿದ್ದರು. ನನಗೆ ಮೊದಲ ಸಲ ಖಜಾಂಚಿಯಾಗಿದ್ದಕ್ಕೆ ಸಂತೋಷವಾಯಿತು.

ಹದಿನೈದು ದಿನದಲ್ಲಿ ಹನ್ನೆರಡು ದೂರುಗಳು ಬಂದವು. ಗಿಡ ದಟ್ಟವಾಗಿ ಬೆಳೆದು ದಾನಿಗಳ ತಗಡನ್ನು ಮುಚ್ಚಿಬಿಟ್ಟಿತ್ತು. “ನಮ್ಮ ತಂದೆಯವರ ಸ್ಮರಣಾರ್ಥ ಕೊಟ್ಟದ್ದು, ಹೆಸರೇ ಕಾಣದಿದ್ದರೆ ಅವರ ಆತ್ಮಕ್ಕೆ ಶಾಂತಿ ಹೇಗೆ?” ಎಂದು ಒಬ್ಬರು ಕಣ್ಣೀರು ಹಾಕಿದರು. ಮೊಬೈಲ್ ಸಂಖ್ಯೆ ಕಾಣದೆ ವ್ಯಾಪಾರ ಕುಸಿದಿದೆ ಎಂದು ಇನ್ನೊಬ್ಬರು ಬರೆದು ಕೊಟ್ಟರು. ಮಾರನೆಯ ದಿನವೇ ಕತ್ತರಿ ಬಂತು. ಪ್ರತಿ ಗಿಡವನ್ನೂ ತಗಡಿನ ಕೆಳ ಅಂಚಿಗೆ ಸರಿಯಾಗಿ ಕತ್ತರಿಸಿದರು. ಈಗ ಹೆಸರುಗಳು ದೂರದಿಂದಲೇ ಓದಲು ಬರುತ್ತವೆ. ಹೂ ಬೇಕಾದವರಿಗೆ ಚರಂಡಿಯ ಎರಡೂ ದಂಡೆಯಲ್ಲಿ ಕಾಂಗ್ರೆಸ್ ಗಿಡ ಬೆಳ್ಳಗೆ ಅರಳಿ ನಿಂತಿದೆ. ಯಾರೂ ಉದ್ಘಾಟಿಸಲಿಲ್ಲ, ಯಾರೂ ಗೂಡು ಕೊಡಲಿಲ್ಲ. ಹೆಸರಿಗೆ ಮಾತ್ರ ಪಕ್ಷ, ಬೆಳೆಯುವುದು ಪಕ್ಷಾತೀತವಾಗಿ.

ಈ ವರ್ಷದ ಕಾರ್ಯಕ್ರಮಕ್ಕೆ ದೊಡ್ಡ ಅತಿಥಿಯೊಬ್ಬರು ಒಪ್ಪಿದ್ದಾರೆ. ‘ನೀವು ಬೆಳೆಸಿದ ಒಂದು ಮರ ತೋರಿಸಿ’ ಎಂದು ಅವರ ಕಡೆಯವರು ಫೋನಿನಲ್ಲಿ ಕೇಳಿದಾಗ ಬಳಗಕ್ಕೆ ನಡುಕ ಹುಟ್ಟಿತು. ಊರೆಲ್ಲ ಹುಡುಕಿದೆವು. ಕೊನೆಗೆ ಬಸ್ ನಿಲ್ದಾಣದ ಹಿಂದೆ ಚಹಾದಂಗಡಿಯ ಪಕ್ಕ ಒಂದು ಹೊಂಗೆ ಸಿಕ್ಕಿತು. ಆಳೆತ್ತರ ಬೆಳೆದು, ಹೊಸ ಚಿಗುರು ತಳತಳ ಹೊಳೆಯುತ್ತಿತ್ತು. ಅದಕ್ಕೆ ಗೂಡಿಲ್ಲ, ತಗಡಿಲ್ಲ. ಮುರಿದ ಪ್ಲಾಸ್ಟಿಕ್ ಕುರ್ಚಿಯೊಂದನ್ನು ಬುಡಕ್ಕೆ ಬೋರಲು ಹಾಕಿದ್ದಾರೆ, ಅಷ್ಟೆ. ಯಾರು ನೆಟ್ಟದ್ದು ಎಂದು ಅಂಗಡಿಯ ಅಕ್ಕನನ್ನು ಕೇಳಿದೆ. “ಯಾರೂ ನೆಡಲಿಲ್ಲ ಅಣ್ಣ, ತಾನೇ ಹುಟ್ಟಿತು. ಲೋಟ ತೊಳೆದ ನೀರು ಎಲ್ಲಾದರೂ ಚೆಲ್ಲಬೇಕಲ್ಲ, ಅದಕ್ಕೆ ಚೆಲ್ಲುತ್ತೇನೆ” ಎಂದಳು.

ಯಾರೂ ನೆಟ್ಟಿಲ್ಲ ಎಂದಾದರೆ ನೆಡಲು ಅಡ್ಡಿಯಿಲ್ಲ ಎಂದು ವಕೀಲರು ಅಭಿಪ್ರಾಯ ಕೊಟ್ಟರು. ಆಗಲೇ ಬೇರು ಬಿಟ್ಟು ನಿಂತ ಗಿಡವನ್ನು ನೆಡುವುದು ಹೇಗೆ ಎಂಬ ಪ್ರಶ್ನೆಗೂ ಅವರೇ ದಾರಿ ತೋರಿಸಿದರು. ಶನಿವಾರ ರಾತ್ರಿ ಅದನ್ನು ಬೇರು ಸಮೇತ ಕೀಳುವುದು, ಭಾನುವಾರ ಬೆಳಗ್ಗೆ ಅತಿಥಿಗಳ ಕೈಯಲ್ಲಿ ಅದೇ ಗುಂಡಿಯಲ್ಲಿ ನೆಡಿಸುವುದು ಎಂದು ಸರ್ವಾನುಮತದಿಂದ ಠರಾವಾಗಿದೆ. ನಾನೂ ಕೈ ಎತ್ತಿದೆ. ಜೆಸಿಬಿ ಬಾಡಿಗೆಗೆ ಮುಂಗಡ ಕೊಟ್ಟಾಗಿದೆ, ಗೂಡಿಗೂ ದಾನಿ ಸಿಕ್ಕಿದ್ದಾರೆ.

ನಿನ್ನೆ ಅಚ್ಚಿನಂಗಡಿಯ ಹುಡುಗ ಫೋನ್ ಮಾಡಿದ್ದ. “ಸಾರ್, ಈ ಸಲ ಹಸಿರು ಹಾಕಲೋ, ಹೆಸರು ಹಾಕಲೋ?”

ಹೋದ ವರ್ಷದ್ದೇ ಇರಲಿ ಎಂದೆ.